ನಾ ತೊಳದ ಹೆಪ್ಪಿನ ಗಡಗಿ

ಕುದಿಯೂ ನೀರು, ಅರಿವಿ ಒಗಿಯೂ ಸೋಡಾ, ಒಂದು ಹಿಡಿ ತೆಂಗಿನ ನಾರು. ಇಷ್ಟ ಸಾಮಾನಿನ್ಯಾಗ ನಾ ಬಾದಾಮ್ಯಾಗ ಒಂದು ವಂಶಾನ ನಿರ್ವಂಶ ಮಾಡಿದೆ. ಹಿಂದಿನ ರಾಜರಿಗೆ ಇದಕ್ಕ ಆನಿ, ಕುದರಿ, ದಂಡು ಬೇಕಾಗ್ತಿತ್ತು. ನನಗ ಅರ್ಧ ತಾಸು ಸಾಕಾತು.

ಆ ವಂಶ ಮೊಸರಿನ ಆಯಿ ಮನ್ಯಾಗಿನ ಹೆಪ್ಪಿಂದು.

ಆಯಿ ಅಂದ ಕೂಡ್ಲೇ ನನಗ ಕಾಣೂದು ಅಕಿ ಬಲಗೈ ಕಿರುಬೆರಳು. ಉಳದ ಬೆರಳೆಲ್ಲಾ ಒಲಿ ಮುಂದ ಬೆಂದು ಕರ್ರಗಾಗಿ ಒಡದಿದ್ವು. ಕಿರುಬೆರಳೊಂದ ಕೂಸಿನ ಬೆರಳಿನಂಗ ಮೆತ್ತಗಿತ್ತು. ಹಾಲು ಕಾಸಿ ಇಳಿಸಿ, ಆರಿದ ಮ್ಯಾಲೆ ಆ ಬೆರಳು ಅದ್ದಿ, ತುಟಿಯಾಗ ಏಳು ಎಣಿಸಾಕಿ. ಅಲ್ಲೀತನಕ ಬೆರಳು ತಡಕೊಂಡ್ರ ಹೆಪ್ಪು ಹಾಕಾಕಿ. ಒಮ್ಮೆ ನಾ ಭಾಳ ಶಾಣ್ಯಾನಂಗ ಥರ್ಮಾಮೀಟರ್ ತಗೊಂಡು ಮುಂದ ಹೋದೆ.

"ಅದನ್ನ ತೆಗಿ ತಮ್ಮಾ. ಹಾಲಿಗೆ ಜ್ವರ ಬಂದಿಲ್ಲ" ಅಂದ್ಲು.

ಇದು ಎಂಬತ್ತರ ಆಜೂಬಾಜು. ನಾ ಆಗ ಧಾರವಾಡದಾಗ ಜೀವಾಣುಗಳ ಮ್ಯಾಲೆ ಓದೂ ಹುಡುಗ. ನಮ್ಮ ಸರ್ ಹೇಳಿದ್ರು: "ಬಾಗಲಕೋಟಿ, ಬಾದಾಮಿ, ಹುನಗುಂದ, ಇಲಕಲ್ಲ, ಈ ಕಡೆ ಮನಿ ಮನಿ ಮೊಸರು ತಾ. ಯಾವ ಮನ್ಯಾಗ ಎಂಥಾ ಜೀವಾಣು ಅದಾವ ನೋಡೂಣು." ಆತು, ಬಗಲಾಗ ಬಾಟ್ಲಿ ಪೆಟ್ಟಿಗಿ ಹಾಕ್ಕೊಂಡು ಮೊಸರಿನ ಭಿಕ್ಷಾ ಚಾಲೂ ಮಾಡಿದೆ. ಕಲಾದಗ್ಯಾಗ ಒಬ್ಬಾಕಿ ಗಂಡನ್ನ ಕರದು, "ನೋಡ್ರಿ, ಕಲ್ತ ಹುಡುಗ. ಏನ್ ಗತಿ ಬಂತು ಪಾಪ" ಅಂತ ಮೊಸರಿನ ಕೂಡ ಎರಡು ರೊಟ್ಟಿನೂ ಕೊಟ್ಲು. ನಾ ಶಾಸ್ತ್ರದ ಮಾತು ಹೇಳೂದು ಬಿಟ್ಟು ರೊಟ್ಟಿ ತಿಂದೆ.

ಬಾದಾಮ್ಯಾಗ ಆಯಿ ಮನಿ ಹಿಂದಿನ ಖೋಲ್ಯಾಗ ಇರ್ತಿದ್ದೆ. ಅಕಿ ದಿನಾ ಸಣ್ಣ ಸಣ್ಣ ಮಣ್ಣಿನ ಗಡಗ್ಯಾಗ ಮೊಸರು ಹೆಪ್ಪು ಹಾಕಿ, ಬುಟ್ಯಾಗ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಮಾರಾಕಿ. ಮಧ್ಯಾಹ್ನದೊಳಗ ಬುಟ್ಟಿ ಖಾಲಿ. ಮರುದಿನದ ಹೆಪ್ಪಿಗೆ ಅಂತ ಒಂದು ಹಳೇ ಗಡಗ್ಯಾಗ ಮಾತ್ರ ಒಂದಿಷ್ಟು ಉಳಸಾಕಿ. ಆ ಗಡಗಿಗೆ ನೀರು ಮುಟ್ಟಿಸ್ತಿದ್ದಿಲ್ಲ.

"ಇದು ನಮ್ಮವ್ವ ಕೊಟ್ಟ ಹೆಪ್ಪು. ಮದುವ್ಯಾಗಿ ಬರೂ ಮುಂದ ಹುನಗುಂದದಿಂದ ಚಕ್ಕಡ್ಯಾಗ ತೊಡಿ ಮ್ಯಾಲೆ ಇಟ್ಕೊಂಡು ಬಂದೇನಿ. ಹಾದಿತುಂಬಾ ಗಂಡನ ಮಾರಿ ನೋಡ್ಲಿಲ್ಲ, ಗಡಗಿ ಮಾರಿ ನೋಡ್ಕೋತ ಬಂದೆ" ಅಂತಿದ್ಲು.

ಅಕಿ ಮೊಸರು ಸರ್ ಕಡೆ ಕಳಿಸಿದ್ದೆ. ಅವರು ಪತ್ರ ಬರದ್ರು: "ನೀ ಕಳಿಸಿದ ಜೀವಾಣುಗಳ ಹೆಸರು ಹೆಚ್ಚು ಕಡಿಮಿ ಒಂದ. ಆದ್ರ ಒಂದ ಹೆಸರಿನವೂ ಮನಿಗೊಂದು ವಂಶ. ಇಲಕಲ್ಲಿನವು ಲಗೂನ ಹಾಲು ಗಟ್ಟಿ ಮಾಡ್ತಾವ, ಕಲಾದಗೀವು ಆಲಸಿ ಅದಾವ. ನಿನ್ನ ಆಯಿ ಮೊಸರಿನ್ಯಾಗಂತೂ ಒಂದು ಊರ ಐತಿ. ಗುರುವಾರ ಖುದ್ದ ಬಂದು ನೋಡ್ತೇನಿ."

ಸರ್ ಬರ್ತಾರ! ಕುರ್ಚಿ ಮ್ಯಾಲೆ ಕರವಸ್ತ್ರ ಹಾಸಿ ಕೂಡೂ ಮನಷ್ಯಾ. ಆ ಹೆಪ್ಪಿನ ಗಡಗಿ ನೋಡಿದೆ. ಒಳಗ ಹಳದಿ ಕೆನಿ ಒಣಗಿ ಪದರಾ ಪದರಾ ಕೂತಿತ್ತು. ಆಯಿ ಹಾಲು ತರಾಕ ಹೋಗಿದ್ಲು. ಒಳಗಿದ್ದದ್ದು ಚೆಲ್ಲಿ, ಮೂರು ಸರ್ತಿ ಕುದಿಯೂ ನೀರು ಹಾಕಿ, ತಿಕ್ಕಿ ತಿಕ್ಕಿ, ಬಿಸಲಿಗೆ ಬೋರಲ ಇಟ್ಟೆ. ಜೀವಾಣು ಕಲಿಯಾಕ ಊರೂರು ತಿರುಗಿದ ಹುಡುಗ ನಾ. ಒಂದರೆ ಜೀವಾಣು ಉಳೀಲಿಲ್ಲ.

ಆಯಿ ಬಂದ್ಲು. ಬೈಲಿಲ್ಲ. ಗಡಗಿ ಎತ್ತಿ ಒಳಗ ಕಿರುಬೆರಳು ಆಡಿಸಿ ನೆಕ್ಕಿದ್ಲು. ಮತ್ತೊಮ್ಮೆ ಆಡಿಸಿದ್ಲು.

"ಇದರಾಗಿನ ಹೆಪ್ಪು?"

"ಚೆಲ್ಲೇನ್ರಿ ಆಯಿ. ಹುಳಿ ನಾರತಿತ್ತು."

ಗ್ವಾಡಿಗೆ ಆತು ಕೂತ್ಲು. "ಅವ್ವನ ಕೈಯಿಂದ ಉಳದಿದ್ದು ಅದೊಂದ ಇತ್ತಲ್ಲೋ" ಅಂದ್ಲು. ಅಷ್ಟ.

ಬೈದಿದ್ರ ಹೊಡದಿದ್ರ ಬದುಕತಿದ್ದೆ. ಓಣ್ಯಾಗ ಮನಿ ಮನಿ ಓಡಿದೆ. ಎಲ್ಲಾರೂ ಆಯಿ ಕಡೆನ ಕೊಳ್ಳಾವ್ರು, ಉಂಡು ಗಡಗಿ ತೊಳದು ಕೂತಿದ್ರು. ಸ್ಟ್ಯಾಂಡಿನ್ಯಾಗ ಒಬ್ಬಾಂವ ಅಂದ: "ಕಡೀ ಗಡಗಿ ಕಂಡಕ್ಟರ್ ಒಯ್ದಾನ. ಬಸ್ ಈಗ ಹೋತು ನೋಡ್ರಿ." ಒಂದು ಲಾರಿ ಹತ್ತಿ, ಡ್ರೈವರ್‌ಗೆ "ಜೀವದ ಪ್ರಶ್ನಿ ಐತ್ರಿ" ಅಂತ ಕೈ ಮುಗದು, ಕುಳಗೇರಿ ಕ್ರಾಸಿನ್ಯಾಗ ಬಸ್ ಹಿಡದೆ. ಕಂಡಕ್ಟರ್ ಮೀಸಿ ಒರಸ್ಕೋತ ಇಳೀತಿದ್ದ.

"ಅಣ್ಣಾರ, ಮೊಸರು?"

"ಏ, ಏನ್ ಮೊಸರೋ ತಮ್ಮಾ! ಗಡಗೀನೂ ನೆಕ್ಕಿ ಕಿಟಕ್ಯಾಗಿಂದ ಹೊರಗ ಒಗದೆ."

ಅಲ್ಲೆ ಕಲ್ಲಿನ ಮ್ಯಾಲೆ ಕೂತು ಅತ್ತೆ. ಯಾರಿಗೆ ಸೀರಿಯಸ್ ಐತಿ, ದವಾಖಾನಿ ಯಾವುದು ಅಂತ ನಾಕು ಮಂದಿ ಕೇಳಿದ್ರು. ಮೊಸರು ಅಂದೆ. ನಾಕೂ ಮಂದಿ ದೂರ ಸರದು ನಿಂತ್ರು.

ಆಯಿ ಹೋಟೆಲ್ಲಿನ ಮೊಸರು ತಂದು ಹೆಪ್ಪು ಹಾಕಿದ್ಲು. ನೀರು ಬ್ಯಾರೆ, ಗಡ್ಡಿ ಬ್ಯಾರೆ ಆತು. ಗಿರಾಕಿ ಒಂದು ತುತ್ತು ಬಾಯಾಗ ಇಟ್ಟು, "ಆಯಿ, ನಿಮ್ಮ ಎಮ್ಮಿ ಮುನಿಸ್ಕೊಂಡೈತೇನ್ರಿ?" ಅನ್ನಾಂವ. ಅರ್ಧ ಬುಟ್ಟಿ ಹೊಳ್ಳಿ ಮನಿಗೆ ಬರಾಕ ಹತ್ತಿತು. ನನಗ ಅನ್ನ ಇಳೀವಲ್ದು.

ಗುರುವಾರ ಸರ್ ಬಂದ್ರು. ಕಾಲು ಹಿಡದೆ. "ಅಳಬ್ಯಾಡ. ಅಕಿ ಮೊಸರಿನ ಜೀವಾಣು ನನ್ನ ಕಡೆ ನಳಗ್ಯಾಗ ಐತಿ" ಅಂದ್ರು. ಅವರ ಕೂಡ ಧಾರವಾಡಕ್ಕ ಹೋಗಿ ಗಾಜಿನ ನಳಗಿ ತಂದೆ. ಹಾಲಿಗೆ ಹಾಕಿದ್ವಿ. ಕಲ್ಲಿನಂಗ ಗಟ್ಟಿ ಮೊಸರಾತು. ನಾ ಚಪ್ಪಾಳಿ ಹೊಡದೆ. ಆಯಿ ನೆಕ್ಕಿದ್ಲು.

"ಒಬ್ಬನ ಬಂದಾನ. ಉಳದವ್ರೆಲ್ಲಿ?"

ಸರ್‌ಗೆ ಫೋನ್ ಮಾಡಿ ಈ ಮಾತು ಹೇಳಿದೆ. ಅವರು ಹೇಳಿದ್ರು: "ಅಕಿ ಅಂದದ್ದು ಖರೆ. ನಾವು ಮೊಸರಿನ್ಯಾಗಿಂದ ಒಂದ ಜೀವಾಣು ಆರಿಸಿ ಬೆಳಸೇವಿ. ಉಳದ ಊರೆಲ್ಲಾ ಚೆಲ್ಲೇವಿ."

ಅಂದ್ರ ಚೆಲ್ಲಾಂವ ನಾ ಒಬ್ಬನ ಅಲ್ಲ.

ಆವಾಗ ಆಯಿ ಬಾಯಿ ಬಿಟ್ಲು. ಹುನಗುಂದದಾಗ ಅಕಿಗೊಬ್ಬಾಕಿ ಅಕ್ಕ ಇದ್ಲು. ಅಕಿಗೂ ಅವ್ವ ಅದ ಹೆಪ್ಪು ಕೊಟ್ಟಿದ್ಲು. ಆದ್ರ ಅವ್ವನ ಕಡಗೋಲು ಯಾರಿಗೆ ಅಂತ ಜಗಳ ತಗದು ಹನ್ನೆರಡು ವರ್ಷ ಇಬ್ಬರೂ ಮಾತು ಬಿಟ್ಟಿದ್ರು.

"ನಾ ಹೋಗಾಕಿ ಅಲ್ಲ" ಅಂದ್ಲು ಆಯಿ.

"ನಾ ಹೋಗ್ತೇನ್ರಿ" ಅಂದೆ.

ಹುನಗುಂದದಾಗ ಅಕ್ಕನ ಅಂಗಳದಾಗ ನಿಂತು ಅಳಕೋತ ನನ್ನ ಪಾಪ ಎಲ್ಲಾ ಒದರಿದೆ. ಅಕ್ಕ ಪದರು ಬಾಯಿಗೆ ಹಚ್ಚಿ ಕೇಳಿದ್ಲು. ಒಳಗ ಹೋದಾಕಿ ಭಾಳ ಹೊತ್ತು ಬರ್ಲಿಲ್ಲ. ಬಂದಾಗ ಕೈಯಾಗ ಗಡಗಿ ಇತ್ತು. ನಾ ಕೈ ಚಾಚಿದೆ.

"ಸರಿ ಆಚೆ. ನೀ ಇದನ್ನೂ ತೊಳದಗಿಳದಿ. ನಾನ ಬರ್ತೇನಿ."

ಬಸ್ಸಿನ್ಯಾಗ ಗಡಗಿ ಅಕಿ ತೊಡಿ ಮ್ಯಾಲೆ, ನನ್ನ ಜೀವ ಗಡಗಿ ಮ್ಯಾಲೆ. ಒಂದೊಂದು ತಗ್ಗಿಗೂ ನಾ ಎದ್ದು ಗಡಗಿಗೆ ಕೈ ಅಡ್ಡ ಹಿಡೀತಿದ್ದೆ. "ಅದು ಗಟ್ಟಿ ಐತಿ, ನೀ ಗಟ್ಟಿ ಕೂಡು" ಅಂತ ಅಕ್ಕ ಮೂರು ಸರ್ತಿ ಗದರಿದ್ಲು.

ಬಾದಾಮ್ಯಾಗ ಅಕ್ಕ ತಂಗಿ ಒಬ್ಬರ ಮಾರಿ ಒಬ್ಬರು ನೋಡ್ಲಿಲ್ಲ. ನಡುವ ಗಡಗಿ ಇಟ್ರು. ಆಯಿ ಕಿರುಬೆರಳು ಅದ್ದಿ, ನೆಕ್ಕಿ, ಕಣ್ಣು ಮುಚ್ಚಿದ್ಲು. ನಾ ಬಾಗಲ ಚೌಕಟ್ಟು ಹಿಡದು ನಿಂತೆ. ಅಕ್ಕ ನೆಲಾ ನೋಡ್ಕೋತ ಕೂತಿದ್ಲು. ಆಯಿ ಕಣ್ಣು ತಗದು ನನ್ನ ನೋಡಿದ್ಲು, ಆಮ್ಯಾಲೆ ಅಕ್ಕನ್ನ ನೋಡಿದ್ಲು.

"ಅವ್ವಂದ ಐತಿ" ಅಂದ್ಲು.

ಅಕ್ಕ ಗೊಳೋ ಅಂತ ಅಳಾಕ ಹತ್ತಿದ್ಲು. ನಾ ಕುಣಿಯೂ ಭರದಾಗ ಹಾಲಿನ ಚರಿಗಿ ಒದ್ದೆ. "ಇವನ್ನ ಮೊದಲ ಧಾರವಾಡಕ್ಕ ಕಳಸ" ಅಂದ್ಲು ಅಕ್ಕ. ಹನ್ನೆರಡು ವರ್ಷದ ಮ್ಯಾಲೆ ತಂಗಿಗೆ ಆಡಿದ ಮೊದಲನೇ ಮಾತು ಅದು.

ಗಿರಾಕಿ ಮೆಲ್ಲಕ ಹೊಳ್ಳಿ ಬಂದ್ರು. ಅಕ್ಕ ತಿಂಗಳಿಗೊಮ್ಮೆ ಬಾದಾಮಿಗೆ ಬರಾಕ ಹತ್ತಿದ್ಲು. "ಹೊಸಾ ಮೊಸರು ತಾ, ಹಳೇದಕ್ಕ ಹೋಲಿಸಿ ನೋಡೂಣು" ಅಂದ್ರು ಸರ್. ನಾ ಒಯ್ಯಲಿಲ್ಲ. ಆಯಿ ನಾಲಿಗಿ ಹೇಳಿದ ಮ್ಯಾಲೆ ಮತ್ತ ಯಾಕ ಪರೀಕ್ಷಾ ಅಂದೆ. ಖರೆ ಅಂದ್ರ ಅಂಜಿಕಿ.

ಐದಾರು ವರ್ಷಕ್ಕ ಆಯಿ ತೀರಿಕೊಂಡ್ಲು. ಬಾದಾಮಿಗೆ ಮಾತಾಡ್ಸಾಕ ಹೋದಾಗ ಅಕ್ಕ ಪಡಸಾಲ್ಯಾಗ ಒಬ್ಬಾಕಿನ ಕೂತಿದ್ಲು. "ಅವ್ವನ ಹೆಪ್ಪು ಇನ್ನ ನೀವ ನೋಡ್ಕೋಬೇಕ್ರಿ" ಅಂದೆ.

ಅಕಿ ನನ್ನ ಮಾರಿ ನೋಡಿದ್ಲು.

"ಅವ್ವನ ಹೆಪ್ಪು ನನ್ನ ಕಡೆ ಎಲ್ಲಿತ್ತೋ ತಮ್ಮಾ? ನಮ್ಮ ಎಮ್ಮಿ ಬತ್ತಿದ ವರ್ಷನ ಹೋತು. ಅವತ್ತು ನಾ ತಂದದ್ದು ಬಾಜೂ ಮನೀದು. ನೀ ಹಂಗ ಅಳೂದು ನೋಡಿ ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಅಕಿಗೆ ನಾಲಿಗಿ ಮ್ಯಾಲೆ ಇಟ್ಟ ಕೂಡ್ಲೇ ಗೊತ್ತಾತು. ನೀ ಒದ್ದು ಚೆಲ್ಲಿದ ಹಾಲು ಒರಸಾಕ ಅರಿವಿ ತರಾಕ ಹೋದಾಗ ಕೇಳಿದೆ, ಸುಳ್ಳ ಯಾಕ ಹೇಳಿದಿ ಅಂತ. 'ಹೋದದ್ದು ಹೋತಕ್ಕಾ. ಆ ಹುಡುಗ ಎಂಟು ದಿನದಿಂದ ಸರಿಯಾಗಿ ಉಂಡಿಲ್ಲ. ಮೊದಲ ಅಂವಗ ಎರಡು ರೊಟ್ಟಿ ಬಡಿ' ಅಂದ್ಲು."