ಅತ್ತೆ ತಿಂದ ಜಪಾನಿನ ವಸಂತ

ನಮ್ಮ ಅತ್ತೆಗೆ ಹೊಸ ಹಲ್ಲಿನ ಸೆಟ್ ಹಾಕಿಸಿದ ವರ್ಷವೇ ಶಿಕಾರಿಪುರದಲ್ಲಿ ಆ ಬರ್ಗರ್ ಅಂಗಡಿ ಶುರುವಾಗಿತ್ತು. ದೊಡ್ಡ ಊರುಗಳಲ್ಲೆಲ್ಲ ಒಂದೇ ಹೆಸರಿನಲ್ಲಿರುವ ಗಾಜಿನ ಗೋಡೆಯ ಅಂಗಡಿ. ಅವರ ಹಲ್ಲು ಸರಿಯಾಗಿ ಕೂರದೆ ಅತ್ತೆ-ಸೊಸೆ ಇಬ್ಬರೂ ವಾರವಾರ ದಂತವೈದ್ಯರ ಹತ್ತಿರ ಹೋಗುತ್ತಿದ್ದೆವು. ಹೊರಗಿನ ಚಹಾವನ್ನೂ ಮುಟ್ಟದ ಅತ್ತೆ ಒಂದು ದಿನ ಆ ಗಾಜಿನ ಮುಂದೆ ನಿಂತುಬಿಟ್ಟರು.

ಒಳಗೆ ತೂಗುಹಾಕಿದ್ದ ಚಿತ್ರದಲ್ಲಿ ಗುಲಾಬಿ ಬಣ್ಣದ ಹೂಕೊಂಬೆ, ಕೆಳಗೆ ದುಂಡನೆಯ ಬನ್ನು. 'ಜಪಾನಿನ ವಸಂತ' ಎಂದು ಬರೆದಿತ್ತು.

“ಅದು ಮೆತ್ತಗೈತೇನವ್ವಾ?”

“ಬನ್ನಲ್ವಾ ಅತ್ತೆ, ಮೆತ್ತಗೇ ಇರುತ್ತೆ.”

“ನಡಿ ಮತ್ತ.”

ನನಗೆ ನಂಬಿಕೆಯಾಗಲಿಲ್ಲ. ಕೌಂಟರಿನಲ್ಲಿದ್ದ ಹೆಣ್ಣುಮಗಳನ್ನು ಅತ್ತೆಯೇ ವಿಚಾರಿಸಿದರು: “ಏನೇನ್ ಹಾಕೀರಿ ಇದಕ್ಕ?”

“ಆಲೂಗಡ್ಡಿ ಕಟ್ಲೆಟ್, ಎಲೆಕೋಸು, ಸಿಹಿ ಸಾಸು, ಮ್ಯಾಲ ಒಣಗಿಸಿದ ಪಾಚಿ ರೀ.”

“ಪಾಚಿ ಅಂದ್ರ? ಕೆರಿಯಾಗ ಇರ್ತತಲ್ಲ, ಅದಾ?”

“ಕೆರಿದಲ್ರೀ ಅಮ್ಮಾ, ಸಮುದ್ರದ್ದು. ಪ್ಯೂರ್ ವೆಜ್ ರೀ.” ಆಕೆ ಹಸಿರು ಚುಕ್ಕೆ ತೋರಿಸಿದಳು.

ನಾನು ಚೀಲ ಹೆಗಲಿಗೇರಿಸಿಕೊಂಡು ಹೊರಡಲು ತಯಾರಾದೆ. ಅತ್ತೆ ಮಾತ್ರ, “ಸಮುದ್ರದಾಗ ಬೆಳದ ಸೊಪ್ಪು ಅಂದಂಗಾತು. ಎಲ್ಡು ಕೊಡು,” ಅಂದರು.

ಬನ್ನಿನ ಮುಚ್ಚಳ ತೆಗೆದು ಒಳಗೆಲ್ಲ ನೋಡಿ, ಮತ್ತೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕಚ್ಚಿದರು. ಗಲ್ಲದ ಮೇಲೆ ಸಾಸು ಇಳಿಯಿತು. ನನ್ನ ಬಾಯಿಗೆ ಮೊದಲು ಸಿಹಿ ಬಂತು, ಆಮೇಲೆ ಉಪ್ಪು, ಆಮೇಲೆ ಹೆಸರು ಹೇಳಲಾಗದ ಒಂದು ವಾಸನೆ. ಸೊರಬದ ಹುಳಿ-ಖಾರದಲ್ಲಿ ಬೆಳೆದವಳು ನಾನು. ಇದು ಇಷ್ಟವಾಯಿತೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಬರ್ಗರ್ ಖಾಲಿಯಾಗಿತ್ತು.

“ಹೇಗಿತ್ತು ಅತ್ತೆ?”

“ತಿಳೀವಲ್ದು. ಮುಂದಿನ ವಾರ ಮತ್ತ ತಿಂದು ನೋಡಾಣು.”

ಹಾಗೆ ತಿನ್ನುತ್ತಲೇ ಹೋದೆವು. ಹಲ್ಲು ಸರಿಯಾಯಿತು, ಇನ್ನು ಬರಬೇಕಿಲ್ಲ ಎಂದು ವೈದ್ಯರು ಹೇಳಿದ ಮೇಲೂ ಅತ್ತೆಗೆ ವಾರದ ಆ ದಿನ ಬಂತೆಂದರೆ ಹಲ್ಲು ವಸಡಿಗೆ ಒತ್ತುತ್ತಿತ್ತು. ನಿಜವಾಗಿ ಒತ್ತುತ್ತಿತ್ತೇ? ನಾನು ಕೇಳಲಿಲ್ಲ. ನನಗೂ ಬೆಳಗಿನಿಂದಲೇ ಅದರ ನೆನಪಾಗುತ್ತಿತ್ತು.

ನಡುವೆ ಸೊರಬಕ್ಕೆ, ತವರಿಗೆ, ಹೋದಾಗ ಅತ್ತಿಗೆ ಅಡುಗೆಮನೆಯಲ್ಲಿ ನನ್ನನ್ನು ತಡೆದು ಕೇಳಿದಳು: “ನಿಮ್ಮತ್ತೆ ಪಾಚಿ ತಿಂತಾರಂತಲ್ಲೇ? ಮನೇಲಿ ಊಟಕ್ಕೆ ಹಾಕದಿಲ್ವನೇ ನೀನು?”

ಗಾಜಿನ ಗೋಡೆಯಾಚೆಯಿಂದ ಯಾರು ನೋಡಿದ್ದರೋ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮನೆಗೆ ಬಂದು ಹೆದರುತ್ತಲೇ ಅತ್ತೆಗೆ ಹೇಳಿದೆ. “ಆಕೀನೂ ಒಂದಿನ ಕರ್ಕಂಡು ಬಾ,” ಎಂದು ಅವರು ಅವರೆಕಾಳು ಸುಲಿಯುತ್ತಾ ಕೂತರು.

ಮುಂದಿನ ವಾರ ಹೋದಾಗ ಹೂಕೊಂಬೆಯ ಚಿತ್ರ ಇರಲಿಲ್ಲ.

“ಅದರ ಸೀಸನ್ ಮುಗೀತ್ರೀ ಅಮ್ಮಾ,” ಅಂದಳು ಕೌಂಟರಿನಾಕೆ.

ಅತ್ತೆ ಹೊಲದಲ್ಲಿ ದುಡಿದವರು, ಬೆಳೆಯ ಹಂಗಾಮು ಬಲ್ಲವರು; ಅವರಿಗೆ ಇದು ಅರ್ಥವಾಗಲಿಲ್ಲ. “ಯಾವುದರ ಸೀಸನ್ನು? ಆಲೂಗಡ್ಡಿ ಐತಿ, ಕೋಸು ಐತಿ, ಬನ್ನು ಐತಿ. ಮುಗಿದಿದ್ದು ಯಾವುದವ್ವಾ?”

ಆಕೆ ಹೊಸ ಚಿತ್ರದತ್ತ ಕೈ ತೋರಿಸಿದಳು. “ಹೊಸದು ಬಂದೈತ್ರೀ, ಬೆಳದಿಂಗಳ ಬರ್ಗರ್. ಅದೂ ಜಪಾನಿಂದೇ. ಒಳಗ ಚಂದ್ರನಂಗ ಪನೀರ್ ಇಟ್ಟಿರ್ತೀವಿ,” ಅಂದಳು. ಎರಡು ತೆಗೆದುಕೊಂಡೆವು. ನನಗೆ ಅದೇ ಹೆಚ್ಚು ರುಚಿಯೆನಿಸಿತು. ಹಾಗೆನಿಸಿದ್ದಕ್ಕೆ ಯಾಕೋ ಮುಜುಗರವೂ ಆಯಿತು. ಅತ್ತೆ ಅರ್ಧ ತಿಂದು, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಸಂಜೆ ಅದನ್ನು ತಮ್ಮ ಮಗನ ತಟ್ಟೆಗೆ, ರೊಟ್ಟಿಯ ಪಕ್ಕಕ್ಕೆ ಇಟ್ಟರು. ನನ್ನ ಗಂಡ ಒಂದು ತುತ್ತು ಕಚ್ಚಿ, ಅಗಿಯುವುದನ್ನು ನಿಲ್ಲಿಸಿ, ನಮ್ಮಿಬ್ಬರನ್ನೂ ನೋಡಿದರು.

“ಏನವ್ವಾ ಇದು?”

“ನಮಗೂ ತಿಳಿದಿಲ್ಲ,” ಅಂದರು ಅತ್ತೆ. “ತಿನ್ನು.”