ತಮಟೆ ಆರುವ ಹೊತ್ತು

ಮೊದಲು ಮಾತು ಕೊಟ್ಟು ಆಮೇಲೆ ಒದ್ದಾಡುವುದು ನನ್ನ ಹಳೇ ಚಾಳಿ. ಮೊಳಕಾಲ್ಮೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, “ತಮಟೆ ಸದ್ದು ತಾನೇ? ಕಂಪ್ಯೂಟರಲ್ಲಿ ನಾನು ಮಾಡ್ಕೊಡ್ತೀನಿ ಬಿಡ್ರಿ” ಎಂದದ್ದೂ ಹಾಗೆಯೇ. ಚಳ್ಳಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಎರಡು ಸಲ ಟಿಕೆಟ್ಟಿಗಾಗಿ ಜೇಬು ತಡಕಾಡಿದೆ. ಅದು ಕೈಯಲ್ಲೇ ಇತ್ತು.

ನಮ್ಮ ಹುಡುಗಿಯರ ಕುಣಿತದ ತಂಡಕ್ಕೆ ವರ್ಷಗಳಿಂದ ತಮಟೆ ಬಡಿಯುತ್ತಿದ್ದವರು ದೇವಸಮುದ್ರದ ಒಬ್ಬ ಹಿರಿಯರು. ಹುಡುಗಿಯರಿಗೆ ಅವರು ತಾತ. ಈ ಸಲ ಅವರ ಬಲಭುಜ ಹಿಡಿದುಕೊಂಡು ಕೈ ಮೇಲೇಳದಾಯಿತು. ಸ್ಪರ್ಧೆಗೆ ಮೂರೇ ವಾರ. ಹಳೆಯ ಮೊಬೈಲ್ ರೆಕಾರ್ಡಿಂಗುಗಳಲ್ಲಿ ತಮಟೆಗಿಂತ ಹುಡುಗಿಯರ ಕೂಗಾಟವೇ ಜೋರು.

ನನ್ನ ಬಳಿ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲಿ ಯಾರೋ ಬಡಿದು ಮುದ್ರಿಸಿಟ್ಟ ಸದ್ದುಗಳಿಲ್ಲ. ಚರ್ಮ ಎಷ್ಟಗಲ, ಎಷ್ಟು ಬಿಗಿ, ಹೊಡೆಯುವ ಕಡ್ಡಿ ಗಟ್ಟಿಯೋ ಮೆದುವೋ, ಪೆಟ್ಟು ನಡುವೆಯೋ ಅಂಚಿಗೋ ಎಂದು ತಿಳಿಸಿದರೆ, ಅದೇ ಲೆಕ್ಕ ಹಾಕಿ ಸದ್ದು ಹುಟ್ಟಿಸುತ್ತದೆ. ಬೇಕೆಂದರೆ ಗಾಜಿನ ಕೊಳವೆಯನ್ನು ಕಲ್ಲಿನ ಸುತ್ತಿಗೆಯಿಂದಲೂ ಬಡಿಯಬಹುದು, ಒಡೆಯುವುದಿಲ್ಲ. ಎರಡು ವರ್ಷ ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ತಾತ ತಮಟೆ ಹೊತ್ತುಕೊಂಡು ನಮ್ಮ ಮನೆಗೇ ಬಂದರು. ಟೇಪು ಹಿಡಿದು ಅಗಲ ಅಳೆದೆ. ಎಡಗೈಯಿಂದ ಅವರು ಕೊಟ್ಟ ನಾಲ್ಕು ಪೆಟ್ಟು ಕೇಳಿಸಿಕೊಂಡೆ. ಹೆಂಡತಿ ಚಹಾ ತಂದಿಟ್ಟಳು.

“ಮೇಷ್ಟ್ರೇ, ಇದು ಸರಿಯಾಗಿ ಬಂತು ಅನ್ರಿ, ಮುಂದಿನ ವರ್ಷ ನನ್ನ ಕರೀತೀರೇನು?” ತಾತ ಚಹಾ ಆರಿಸುತ್ತಾ ಕೇಳಿದರು.

“ಅಯ್ಯೋ, ಅದೇನು ಮಾತು ಅಂತ ಆಡ್ತೀರ!” ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಸದ್ದು ಕೆಟ್ಟರೆ ನನ್ನ ಮಾನ ಹೋಗುತ್ತದೆ, ಚೆನ್ನಾಗಿ ಬಂದರೆ ಅವರ ಜಾಗ ಹೋಗುತ್ತದೆ. ಸಾಲದ್ದಕ್ಕೆ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೂ ಮರೆಯತೊಡಗಿತು.

ಒಂದು ವಾರದ ಮೇಲೆ ಸದ್ದನ್ನು ತಾತನಿಗೆ ಫೋನಿನಲ್ಲಿ ಕೇಳಿಸಿದೆ.

“ಇದಕ್ಕೆ ಚಳಿ ಹಿಡ್ದೈತಲ್ರೀ. ಕಾಯಿಸದೇ ಬಡಿದಂಗೈತೆ” ಎಂದರು.

ನಿಜವೇ. ನಾನು ಅಳೆದದ್ದು ಬೆಂಕಿ ಕಾಣದ ತಮಟೆಯನ್ನು. ಬಡಿಯುವ ಮೊದಲು ಉರಿಗೆ ಹಿಡಿದು ಚರ್ಮ ಬಿಗಿ ಮಾಡುವುದನ್ನು ಕಣ್ಣಾರೆ ಅಷ್ಟು ವರ್ಷ ಕಂಡಿದ್ದೂ ನನಗದು ಹೊಳೆದಿರಲಿಲ್ಲ. ಕಂಪ್ಯೂಟರಿನಲ್ಲಿ ಬಿಗಿಯನ್ನು ಮೇಲೇರಿಸಿದೆ. ಮೊದಲು ಪ್ಲಾಸ್ಟಿಕ್ ಬಕೆಟ್ಟಿನಂತೆ, ಆಮೇಲೆ ತಗಡಿನ ಬಾಗಿಲಿನಂತೆ ಕೇಳಿ, ನಾಲ್ಕನೆಯ ದಿನ ಥಟ್ಟನೆ ತಮಟೆಯೇ ಆಯಿತು. ಅಡುಗೆಮನೆಯಿಂದ ಹೆಂಡತಿ, “ತಾತ ಬಂದ್ರಾ?” ಎಂದಳು. ಖುಷಿಪಡಬೇಕಿತ್ತು. ಎದ್ದು ಹೋಗಿ ಮುಖ ತೊಳೆದುಕೊಂಡೆ.

ಶಾಲೆಯ ಅಂಗಳದಲ್ಲಿ ಅದನ್ನು ಹಾಕಿ ಅಭ್ಯಾಸ ಶುರು ಮಾಡಿಸಿದೆವು. ತಾತ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕುಳಿತಿದ್ದರು. ಹುಡುಗಿಯರು ಕುಣಿದರು, ಇನ್ನೂ ಕುಣಿದರು. ಅರ್ಧ ಗಂಟೆಯಾಗುವಷ್ಟರಲ್ಲಿ ಒಬ್ಬಳು ಸೊಂಟ ಹಿಡಿದು ಕುಕ್ಕರಿಸಿದಳು.

“ಸಾರ್, ಇದು ಆರೋದೇ ಇಲ್ವಾ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ತಮಟೆ ಆರಿ ಸಡಿಲಾದಾಗಲೆಲ್ಲ ತಾತ ಮೂಲೆಯಲ್ಲಿ ಕಾಗದ, ಕಡ್ಡಿ ಗುಡ್ಡೆ ಹಾಕಿ ಉರಿ ಮಾಡುತ್ತಿದ್ದರು. ಅದು ಬಿಗಿಯಾಗುವವರೆಗೆ ಹುಡುಗಿಯರು ನೀರು ಕುಡಿದು, ಜಡೆ ಕಟ್ಟಿಕೊಂಡು, ಜಗಳವಾಡುತ್ತಿದ್ದರು. ನನ್ನ ತಮಟೆಗೆ ದಣಿವೇ ಇರಲಿಲ್ಲ.

ಮರುದಿನ ಹತ್ತು ನಿಮಿಷಕ್ಕೊಮ್ಮೆ ಬಿಗಿ ತಾನಾಗಿ ಇಳಿಯುವಂತೆ ಮಾಡಿ ತಂದೆ. ಜಾಣತನದ ಕೆಲಸವೆಂದುಕೊಂಡಿದ್ದೆ. ಹುಡುಗಿಯರು ಹುರುಪಿನಿಂದ ಸುತ್ತುತ್ತಿರುವಾಗಲೇ ಅದು ಬದಬದ ಎಂದು ಸಡಿಲಾಯಿತು. ಇಬ್ಬರು ನಿಂತರು, ಹಿಂದಿನವರು ಬಂದು ಅವರಿಗೆ ಡಿಕ್ಕಿ ಹೊಡೆದರು.

“ಇದೇನು ಗಡಿಯಾರ ಏನ್ರಿ?” ತಾತ ಕಟ್ಟೆಯಿಂದ ಕೂಗಿದರು.

“ನಿಮ್ದೂ ಹತ್ತು ನಿಮಿಷಕ್ಕೇ ಆರ್ತಿತ್ತಲ್ಲ ತಾತ?” ಎಂದೆ.

ಅವರು ನನ್ನ ಕಡೆ ನೋಡದೆ ಟವೆಲಿನಿಂದ ಮೂಗೊರೆಸಿಕೊಂಡರು. “ಅಷ್ಟ್ ಬೇಗ ಎಲ್ಲಿ ಆರ್ತದೆ ಮೇಷ್ಟ್ರೇ? ಹುಡುಗೀರು ಕಾಲು ಎಳೀತಿದ್ದಂಗೆ ನಾನೇ ಅಂಚಿಗೆ ನಾಕು ಸಡಿಲ ಪೆಟ್ಟು ಹಾಕಿ, ಆರೋಯ್ತು ಅಂತಿದ್ದೆ.”

ಹುಡುಗಿಯರು “ಹೋ!” ಎಂದು ಕಿರುಚಿದರು. ಸೊಂಟ ಹಿಡಿದುಕೊಂಡಿದ್ದವಳು, “ಕಳ್ಳ ತಾತ!” ಎಂದಳು.

ಅಷ್ಟು ವರ್ಷ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದವನು ನಾನು. ಚರ್ಮ ಅಳೆದೆ, ಕಡ್ಡಿ ಅಳೆದೆ. ಅವರ ಕಣ್ಣು ಎಲ್ಲಿರುತ್ತಿತ್ತು ಎಂದು ನೋಡಿರಲಿಲ್ಲ.

ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಚಿಕ್ಕ ಸಂಗೀತದ ಕೀಬೋರ್ಡಿನಲ್ಲಿ ತಿರುಗಿಸುವ ಗುಂಡಿಯೊಂದಿತ್ತು. ಬಿಗಿಯನ್ನು ಅದಕ್ಕೆ ಜೋಡಿಸಿ ಅವರ ಮುಂದಿಟ್ಟೆ. ಎಡಗೈ ಬೆರಳಿನಿಂದ ಒಮ್ಮೆ ಇಳಿಸಿದರು, ಏರಿಸಿದರು. “ಅಬ್ಬೋ, ಹೊಗೆ ಇಲ್ಲ, ಕೆಮ್ಮಿಲ್ಲ” ಎಂದರು. ಆಮೇಲೆ ತಲೆ ಎತ್ತಿ ಹುಡುಗಿಯರ ಕಾಲುಗಳನ್ನೇ ನೋಡುತ್ತಾ ಕುಳಿತರು. ಸ್ಪರ್ಧೆಯ ದಿನವೂ ವೇದಿಕೆಯ ಪಕ್ಕ ಹಾಗೆಯೇ ಕುಳಿತಿದ್ದರು. ಹುಡುಗಿಯರು ಎರಡನೆಯ ಸ್ಥಾನ ಪಡೆದರು. ಕುಣಿತ ಮುಗಿಯುವವರೆಗೂ ನಾನು ತಾತನ ಹಿಂದೆ ಚಾರ್ಜರಿನ ವೈರು ಹಿಡಿದುಕೊಂಡು, ಕರೆಂಟು ಹೋದರೆ ಏನು ಗತಿ ಎಂದು ಬೆವರುತ್ತಿದ್ದೆ.

ಈಗ ತಾತನ ಭುಜ ಸರಿಹೋಗಿದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, “ಈ ಸಲ ತಮಟೇನೇ ತರ್ತೀನಿ, ಹೇಳಿ ಕಳಿಸ್ರಿ” ಎಂದರು. ಖಂಡಿತ ಎಂದೆ. ಬಸ್ಸು ಹತ್ತಿ ಕುಳಿತ ಮೇಲೆ ಹೊಸ ಚಿಂತೆ ಹುಟ್ಟಿತು: ವೈರು ಹಿಡಿಯುವ ಕೆಲಸವೂ ಇಲ್ಲವೆಂದ ಮೇಲೆ, ಈ ವರ್ಷ ನನ್ನನ್ನು ಕರೆಯುತ್ತಾರೋ ಇಲ್ಲವೋ.