ಚಿಂದಿ ಕಟ್ಟಿದ ಹಂಡೆ

ಡಾಬಕಾದ ಶೇವಂತಾಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಊರಿನ ಯಾವ ಅರಿವೆ ಯಾವ ಮನೆಯದು ಎಂದು ಕೇಳಿದರೆ ಮುಟ್ಟಿ ನೋಡಿ ಹೇಳುತ್ತಿದ್ದಳು. ಕೌದಿ ಹೊಲಿಯುವುದು ಅವಳ ಕಸುಬು. ಮೂವತ್ತು ವರ್ಷ ಊರವರ ಹಳೆ ಸೀರೆ, ಧೋತರ, ಅಂಗಿಗಳನ್ನು ಪದರದ ಮೇಲೆ ಪದರ ಇಟ್ಟು ಹೊಲಿದವಳಿಗೆ ಯಾರ ಮನೆಗೆ ಯಾವಾಗ ಹೊಸ ಸೀರೆ ಬಂತು, ಯಾರು ಹರಿದದ್ದನ್ನೇ ತಿರುಗಿಸಿ ಉಟ್ಟು ವರ್ಷ ಕಳೆದರು ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರ ಮುಂದೂ ಆಡುತ್ತಿರಲಿಲ್ಲ. ಊರವರು ಅವಳನ್ನು ನಂಬುತ್ತಿದ್ದುದು ಈ ಒಂದು ಗುಣಕ್ಕೆ.

ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹಿರಿಯ ಮಗ ಕಾಶೀರಾಮ ಬೀದರದಲ್ಲಿ ಸರಕಾರಿ ಕಾರಕೂನ. ಕಿರಿಯವ ದತ್ತಾತ್ರಿ ಭಾಲ್ಕಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಮಗಳು ಶಾಲುಬಾಯಿಯನ್ನು ಔರಾದಕ್ಕೆ ಕೊಟ್ಟಿದ್ದರು. ಮೂವರೂ ದೀಪಾವಳಿಗೆ ಒಮ್ಮೆ ಬಂದು, ಹೋಳಿಗೆ ತಿಂದು, "ಅವ್ವಾ, ಒಬ್ಬಾಕಿ ಹ್ಯಾಂಗ ಇರ್ತಿ?" ಎಂದು ಕಣ್ಣೊರೆಸಿಕೊಂಡು, ಅವಳ ಉತ್ತರ ಕೇಳುವ ಮೊದಲೇ ಬಸ್ಸು ಹಿಡಿಯುತ್ತಿದ್ದರು.

ಎಪ್ಪತ್ತೆರಡರಲ್ಲಿ ಬರ ಬಿತ್ತು. ಬಾವಿಗಳ ತಳ ಕಂಡಿತು. ಊರು ಅರ್ಧಕ್ಕರ್ಧ ಗಂಟು ಕಟ್ಟಿತು, ಕೆಲವರು ಹೈದರಾಬಾದಿಗೆ, ಕೆಲವರು ಮುಂಬೈಗೆ. ಗಂಟಿನಲ್ಲಿ ಹಿಟ್ಟು ಹಿಡಿಸುತ್ತದೆ, ಹಂಡೆ ಹಿಡಿಸುವುದಿಲ್ಲ. ಹಿತ್ತಾಳೆ ಕೊಡ, ತಾಮ್ರದ ಹಂಡೆ, ರೊಟ್ಟಿ ಹಿಟ್ಟು ನಾದುವ ಪರಾತ ಇವೆಲ್ಲ ತವರಿನಿಂದ ಬಂದ ಸಾಮಾನು. ಮಾರಲು ಯಾವ ಹೆಂಗಸಿಗೂ ಮನಸ್ಸಾಗದು, ಬೀಗ ಹಾಕಿದ ಮನೆಯಲ್ಲಿ ಬಿಟ್ಟರೆ ಕಳ್ಳರ ಪಾಲು.

ಮೊದಲು ಬಂದವಳು ಪಕ್ಕದ ಮನೆಯ ಅಂಜನಾಬಾಯಿ, ಸೊಂಟದಷ್ಟೆತ್ತರದ ತಾಮ್ರದ ಹಂಡೆ ಉರುಳಿಸಿಕೊಂಡು.

"ಶೇವಂತಕ್ಕಾ, ಇದು ನಮ್ಮವ್ವ ಕೊಟ್ಟಿದ್ದು. ಮುಂಬೈಗಿ ಹ್ಯಾಂಗ ಹೊತ್ಕೊಂಡು ಹೋಗ್ಲಿ? ನಾ ಬರೋತನಕ ನಿನ್ನ ಹತ್ರ ಅಮಾನತ ಇರಲಿ."

"ಇಡು. ನಾ ಇರೋತನಕ ಇದಕ್ಕ ಏನೂ ಆಗಲ್ಲ."

"ನೀ ಇಲ್ಲಂದ್ರ?"

ಶೇವಂತಾಬಾಯಿ ಅಂಜನಾಬಾಯಿಯ ಹಸಿರು ಸೀರೆಯ ಸೆರಗಿನಿಂದ ಒಂದು ಚಿಂದಿ ಹರಿದು ಹಂಡೆಯ ಹಿಡಿಕೆಗೆ ಕಟ್ಟಿದಳು. "ನಿನ್ನ ಸೀರಿ, ನಿನ್ನ ಹಂಡಿ. ಬರುವಾಗ ಇದೇ ಸೀರಿ ತಗೊಂಡು ಬಾ" ಎಂದಳು.

ಆಮೇಲೆ ಸಾಲು ಹತ್ತಿತು. ಹದಿನೇಳು ಮನೆಯ ಭಾಂಡೆಗಳು ಬಂದವು. ಒಂದೊಂದಕ್ಕೂ ಒಂದೊಂದು ಚಿಂದಿ. ಚೌಕಡಿ ಚಿಂದಿ ಲಾಲ ಅಹ್ಮದನ ಲುಂಗಿಯದು, ಅಂದರೆ ಆ ಕೊಡ ಅವನ ಹೆಂಡತಿ ಶಾಕಿರಾ ಬೇಗಮಳದು. ಕೆಂಪು ಅಂಚಿನದು ಗೌಡರ ಓಣಿಯ ಮುದುಕಿಯದು. ಬೇರೆಯವರಿಗೆ ಅದು ಕಸ, ಶೇವಂತಾಬಾಯಿಗೆ ಅದೇ ದಫ್ತರ.

ಮನೆ ತುಂಬಿತು. ಕುಳಿತುಕೊಳ್ಳಲು ಜಾಗವಿಲ್ಲದೆ ಅವಳು ಹೊಸ್ತಿಲಲ್ಲಿ ಕುಳಿತು ಹೊಲಿಯತೊಡಗಿದಳು. ಅದೇ ಹೊತ್ತಿಗೆ ಕಾಶೀರಾಮ ಏನೋ ಕೆಲಸಕ್ಕೆ ಔರಾದಕ್ಕೆ ಬಂದವನು ಹಾಗೇ ಇಣುಕಿದ. ಒಳಗೆ ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಅವ್ವಾ, ಇಷ್ಟೆಲ್ಲಾ ಎಲ್ಲಿಂದು?"

"ಊರ ಬಿಟ್ಟು ಹೋಗೋರು ಕೊಟ್ರು" ಎಂದಳು ತಾಯಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಊರು ಬಿಡುವವರು ಅಗ್ಗಕ್ಕೆ ಮಾರಿದ್ದನ್ನು ಅಪ್ಪ ಇಟ್ಟುಹೋದ ಗಂಟಿನಿಂದ ಅವ್ವ ಕೊಂಡಿದ್ದಾಳೆ ಎಂದು ಕಾಶೀರಾಮ ತಾನೇ ತಿಳಿದುಕೊಂಡ. ಅವಳು ತಿದ್ದುವುದರಲ್ಲಿದ್ದಳು. ಅಷ್ಟರಲ್ಲಿ ಅವನು ಹಿಂದೆಂದೂ ಇಲ್ಲದಂತೆ ಅವಳ ಪಕ್ಕ ಕುಳಿತು, "ಕಾಲು ಹಿಡೀತಾವೇನವ್ವಾ?" ಎಂದು ಕಾಲು ಒತ್ತಲು ಶುರು ಮಾಡಿದ. ಶೇವಂತಾಬಾಯಿ ತಿದ್ದುವುದನ್ನು ಬಿಟ್ಟು ಇನ್ನೊಂದು ಕಾಲನ್ನೂ ಚಾಚಿದಳು.

ಆ ವಾರದಿಂದ ಅವಳ ಭಾಗ್ಯದ ಬಾಗಿಲು ತೆರೆಯಿತು. ಕಾಶೀರಾಮ ಹದಿನೈದು ದಿನಕ್ಕೊಮ್ಮೆ ಬಾಲೂಷಾಹಿ ಮಿಠಾಯಿ ಕಟ್ಟಿಸಿಕೊಂಡು ಬಂದ. ಸುದ್ದಿ ತಿಳಿದ ದತ್ತಾತ್ರಿ ಭಾಲ್ಕಿಯಿಂದ ಬಾಳೆಹಣ್ಣು ತಂದ. ಶಾಲುಬಾಯಿ ಬಂದು ಅವ್ವನ ತಲೆಗೆ ಎಣ್ಣೆ ಹಚ್ಚಿದಳು. ಮೂವರೂ ಮಾತಾಡುತ್ತ ಮಾತಾಡುತ್ತ ಬೆರಳಿನಿಂದ ಒಂದೊಂದು ಭಾಂಡೆ ಬಡಿದು ನೋಡುತ್ತಿದ್ದರು. ಯಾಕೆ ಬರುತ್ತಾರೆಂದು ಅವಳಿಗೆ ಗೊತ್ತಿಲ್ಲದೆ ಏನು? ನಾಳೆ ಹೇಳಿದರಾಯಿತು ಎಂದು ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುವ ಗಾದೆ ಅವಳಿಗೂ ಬರುತ್ತಿತ್ತು, ಆದರೆ ಬಾಲೂಷಾಹಿಯ ರುಚಿ ಗಾದೆಗೆಲ್ಲಿದೆ?

ಮರುವರ್ಷ ಬೇಸಿಗೆಗೆ ಅವಳ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಹೋಗದಾಯಿತು. ಬೀದರದಲ್ಲಿ ಆಪರೇಷನ್ ಎಂದು ನಿಶ್ಚಯವಾದಾಗ ಅಂಜನಾಬಾಯಿಯ ಪ್ರಶ್ನೆ ಎದ್ದು ನಿಂತಿತು. ನೀ ಇಲ್ಲಂದ್ರ? ಶೇವಂತಾಬಾಯಿ ಸೀದಾ ಶಾಲೆಯ ನರಸಿಂಗ ಮಾಸ್ತರರ ಮನೆಗೆ ಹೋಗಿ, "ನನ್ನ ವಸೀಯತ ಬರೀರಿ ಮಾಸ್ತರ" ಎಂದಳು. ಕಲಾಯಿ ಹಾಕುವ ಯಾಕೂಬನನ್ನು ಸಾಕ್ಷಿಗೆ ಕೂರಿಸಿದಳು.

"ನಾ ಸತ್ತರ ಎಲ್ಲಾ ಭಾಂಡಿ ಅವರವರ ಮನಿಗಿ ಮುಟ್ಟಬೇಕು. ಯಾವ ಭಾಂಡಿಗಿ ಯಾವ ಚಿಂದಿ ಅದ, ಆ ಅರಿವಿ ಯಾರ ಮನ್ಯಾಗ ಅದ, ಅವರಿಗಿ."

"ಕೋರ್ಟಿನಾಗ ಚಿಂದಿ ನಡೀತದೇನವ್ವಾ?"

"ಡಾಬಕಾದಾಗ ನಡೀತದ, ನೀವು ಬರೀರಿ."

ಬರೆದು, ಹೆಬ್ಬೆಟ್ಟು ಒತ್ತಿಸಿ, ಲಕೋಟೆಗೆ ಹಾಕಿ ಅಂಟಿಸಿದ್ದಾಯಿತು. ಮಾಸ್ತರು ಒಳ್ಳೆಯವರೇ, ಆದರೆ ಅವರ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ಔರಾದ ಬಸ್‌ಸ್ಟ್ಯಾಂಡಿನಲ್ಲಿ ಶಾಲುಬಾಯಿಯ ಗಂಡ ಸಿಕ್ಕಾಗ, "ನಿಮ್ಮ ಅತ್ತಿ ವಸೀಯತ ಮಾಡ್ಯಾಳ" ಎಂದರು. ಒಳಗೆ ಏನಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಪೂರ್ತಿ ಹೇಳಿದ್ದರೆ ಎಷ್ಟೋ ಒಳ್ಳೆಯದಿತ್ತು.

ಯಾರ ಹೆಸರಿಗೆ ಬರೆದಿದ್ದಾಳೋ ಎಂದು ಮೂರು ಮನೆಯಲ್ಲೂ ನಿದ್ದೆ ಹಾರಿತು. ಲಕೋಟೆ ಒಡೆಯುವ ಮೊದಲೇ ಸಮಪಾಲು ಮಾಡಿಕೊಂಡರೆ ಜಗಳವಿಲ್ಲ ಎಂದು ಕಾಶೀರಾಮ ಸೂಚಿಸಿದ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಇವರು ತಾಯಿ ಸಾಯುವ ಮೊದಲೇ ಪಾಲಿಗೆ ಕುಳಿತರು. ಅವ್ವ ಬೀದರದ ದವಾಖಾನೆಯಲ್ಲಿ ಮಲಗಿದ್ದಾಗ, "ನಿನ್ನ ಕೌದಿ ತರ್ತೇನಿ, ಕೀಲಿ ಕೊಡು" ಎಂದು ಕಾಶೀರಾಮ ಕೀಲಿಕೈ ತೆಗೆದುಕೊಂಡು ಹೋದ.

ಆ ದಿನದ ಕಥೆಯನ್ನು ಎದುರು ಮನೆಯ ಯಾಕೂಬ ಮುಂದೆ ಸಾಯುವವರೆಗೂ ಅಭಿನಯಿಸಿ ತೋರಿಸುತ್ತಿದ್ದ. ಕಿರಾಣಿ ಅಂಗಡಿಯ ತಕ್ಕಡಿ ತಂದು ಅಂಗಳದಲ್ಲಿ ತೂಗಿದರಂತೆ. ಒಂದು ಪರಾತವನ್ನು ಆ ಕಡೆ ಶಾಲುಬಾಯಿ, ಈ ಕಡೆ ದತ್ತಾತ್ರಿಯ ಹೆಂಡತಿ ಕೌಸಲ್ಯಾಬಾಯಿ ಹಿಡಿದು ಎಳೆದು, ಕೊನೆಗೆ ಇಬ್ಬರೂ ಪರಾತದೊಳಗೇ ಕುಳಿತರಂತೆ. ಯಾಕೂಬ ಬೇಲಿಯಾಚೆಯಿಂದ "ಅದು ನಿಮ್ಮದಲ್ರೀ" ಎಂದು ಕೂಗಿದರೆ, "ನಿಂದೂ ಅಲ್ಲ, ಸುಮ್ನಿರು" ಎಂದು ದತ್ತಾತ್ರಿ ಗದರಿಸಿದನಂತೆ. ದೊಡ್ಡ ಹಂಡೆ ಕಾಶೀರಾಮನ ಹೆಂಡತಿ ಶಾಂತಾಬಾಯಿಯ ಪಾಲಿಗೆ ಬಂತು. ಹಿರಿ ಸೊಸೆ ನಾನು ಎಂದು ಅವಳು ಅದನ್ನು ತಬ್ಬಿಕೊಂಡೇ ಕುಳಿತಿದ್ದಳು, ತೂಗಲೂ ಬಿಡಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಶೇವಂತಾಬಾಯಿ ಹಿರಿಯ ಮಗನ ಮನೆಗೆ ಬಂದಳು. ಎರಡನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಯಾರೋ ಹಂಡೆಗೆ ನೀರು ಸುರಿದರು. ಡಬ್ ಎಂಬ ಮಂದ ಸದ್ದು. ಆ ಹಂಡೆಯ ತಳಕ್ಕೆ ಯಾಕೂಬ ಒಂದು ತೇಪೆ ಹಚ್ಚಿದ್ದ, ಅದಕ್ಕೇ ಅದು ಬೇರೆ ಹಂಡೆಗಳಂತೆ ಖಣ್ ಎನ್ನುತ್ತಿರಲಿಲ್ಲ. ಅವಳು ಎದ್ದು ಕುಳಿತಳು.

"ಶಾಂತಾ, ಅಂಜನಾಬಾಯಿ ಹಂಡಿ ಇಲ್ಲಿಗಿ ಹ್ಯಾಂಗ ಬಂತು?"

ಸೊಸೆ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಅತ್ತೆಯ ಮುಖ ನೋಡಿದಳು. ಪಟ್ಟಿ ಕಟ್ಟಿದ ಕಣ್ಣಿಗೆ ಹಂಡೆ ಕಂಡದ್ದು ಹೇಗೆ? "ಯಾವ ಅಂಜನಾಬಾಯಿರಿ ಅತ್ತಿ? ಇದು ನಮ್ಮ ಪಾಲಿಂದು" ಎಂದಳು.

"ಅದಕ್ಕ ಕಟ್ಟಿದ್ದ ಚಿಂದಿ?"

"ಆ ಹೊಲಸು ಅರಿವೀನಾ? ಎಲ್ಲಾ ಭಾಂಡಿದೂ ಬಿಚ್ಚಿ ತಂದಿದ್ದೆ, ಒಲಿ ಹೊತ್ತಸ್ಲಕ ಆಯ್ತು. ಭಾಂಡಿ ಮಾತ್ರ ಹುಣಸಿಹಣ್ಣು ಹಚ್ಚಿ ತಿಕ್ಕೀವಿ ನೋಡ್ರಿ, ಬಂಗಾರ ಆಗ್ಯಾವ!"

ಹದಿನೇಳು ಮನೆಯ ದಫ್ತರ ಸ್ನಾನದ ಒಲೆಯಲ್ಲಿ ಬೂದಿಯಾಗಿತ್ತು. ಶೇವಂತಾಬಾಯಿಗೆ ಅಳು ಉಕ್ಕಿ ಬಂತು, ಆದರೆ ಹತ್ತು ದಿನ ಅಳಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಅಳಲಾರದ್ದನ್ನೆಲ್ಲ ಸೇರಿಸಿ ಬೈದಳು. ಓಣಿಯ ಜನ ಗೋಡೆಯಾಚೆ ನಿಂತು ಕೇಳಿದರು.

ಸಂಜೆ ಕಾಶೀರಾಮ ಬಂದಾಗ ಅವಳ ಸಿಟ್ಟು ಇಳಿದಿತ್ತು. "ತಪ್ಪು ನಂದೇ ಅದ ಕಾಶ್ಯಾ. ನೀವು ಭಾಂಡಿ ನೋಡ್ಲಕ ಬರ್ತೀರಿ ಅಂತ ಗೊತ್ತಿತ್ತು. ಅವು ಊರವರ ಅಮಾನತ ಅಂತ ಖರೇ ಹೇಳಿದ್ರ ಬರೋದು ಬಿಡ್ತೀರಿ ಅಂತ ಸುಮ್ನಿದ್ದೆ. ನೀವು ಬರೋದು ನನಗ ಬೇಕಾಗಿತ್ತು" ಎಂದಳು.

ಕಾಶೀರಾಮ ಮತ್ತೆ ಅವಳ ಕಾಲ ಬಳಿ ಕುಳಿತ. ಅವನ ಮನಸ್ಸು ಕರಗಿತು ಎಂದುಕೊಳ್ಳುವಷ್ಟರಲ್ಲಿ, "ಅವ್ವಾ, ಇದೆಲ್ಲಾ ವಾಪಸ್ ತರಿಸಿ ದತ್ತ್ಯಾಗ ಕೊಡ್ತಿ, ಹೌದಿಲ್ಲೋ?" ಎಂದ.

"ಹಂಗೇನ? ನಾಳಿ ಮುಂಜಾನಿ ನಿನ್ನ ಕಚೇರಿ ಬಾಗಲದಾಗ ಈ ಪಟ್ಟಿ ಕಟ್ಕೊಂಡೇ ಕೂಡ್ತೇನಿ. ಬಂದೋರಿಗೆಲ್ಲಾ ಹೇಳ್ತೇನಿ, ಕಾಶೀರಾಮ ಸಾಹೇಬ್ರು ಊರವರ ಅಮಾನತ ತಿಂದಾರ ಅಂತ."

ಮಾತು ಅಂದರೆ ಮಾತು, ಕೂರುವವಳೇ ಎಂದು ಮಗನಿಗೆ ಗೊತ್ತಿತ್ತು. ಪಟ್ಟಿ ಬಿಚ್ಚಿದ ಮರುದಿನ ಅವನು ಎಲ್ಲಿಂದಲೋ ಒಂದು ಟ್ರಕ್ ಹಿಡಿದು ಹಂಡೆ, ಕೊಡ, ಹೆಂಡತಿ, ತಾಯಿ ಎಲ್ಲರನ್ನೂ ಹೇರಿಕೊಂಡು ಡಾಬಕಾಕ್ಕೆ ಬಂದ. ಅಣ್ಣ ಕೊಟ್ಟನೆಂದು ದೃಢವಾದ ಮೇಲೆ ದತ್ತಾತ್ರಿ ತನ್ನ ಪಾಲನ್ನು ಬಸ್ಸಿನ ಮೇಲೆ ಕಟ್ಟಿ ತಂದ. ಶಾಲುಬಾಯಿ ಎತ್ತಿನ ಬಂಡಿಯಲ್ಲಿ ಅಳುತ್ತ ಬಂದಳು. ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ತಂಬಿಗೆ ಇಳಿಯುವಾಗ ಜಾರಿ ಬಿದ್ದು ಗಣಗಣ ಎಂದಿತು, ಇಲ್ಲದಿದ್ದರೆ ಅದು ಔರಾದಕ್ಕೇ ವಾಪಸಾಗುತ್ತಿತ್ತು.

ಜೂನ್‌ನಲ್ಲಿ ಮಳೆ ಬಂತು. ಮಳೆಯ ಹಿಂದೆಯೇ ಊರು ಬಿಟ್ಟವರು ಬಂದರು. ಬಂದವರು ಮೊದಲು ಶೇವಂತಾಬಾಯಿಯ ಅಂಗಳಕ್ಕೆ ಬಂದರು. ಅಲ್ಲಿ ಎಲ್ಲ ಭಾಂಡೆಗಳೂ ಸಾಲಾಗಿ ಫಳಫಳ ಹೊಳೆಯುತ್ತಿದ್ದವು, ಒಂದಕ್ಕೂ ಚಿಂದಿಯಿಲ್ಲ. ಹೊಸ ಕಣ್ಣಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು, ಯಾವುದು ಯಾರದೆಂದು ಮಾತ್ರ ಹೇಳಲಾಗದು. ಜಗಳ ಹತ್ತಿದರೆ ಮೂವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಮಣ್ಣು. ಮಕ್ಕಳು, ಸೊಸೆಯರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು.

"ನಿಮ್ಮ ಗುರ್ತು ಉಳಸ್ಲಕ ಆಗಲಿಲ್ರವ್ವಾ" ಎಂದು ಶೇವಂತಾಬಾಯಿ ಕೈ ಮುಗಿದಳು. ಸೊಸೆಯ ಹೆಸರು ಎತ್ತಲಿಲ್ಲ.

ಶಾಕಿರಾ ಬೇಗಂ ಮುಂದೆ ಬಂದು ಒಂದು ಕೊಡ ಎತ್ತಿ ಸೊಂಟದ ಮೇಲಿಟ್ಟಳು. ಕೆಳಗಿಟ್ಟಳು. ಇನ್ನೊಂದನ್ನು ಇಟ್ಟು ನೋಡಿದಳು. ಮೂರನೆಯದು ಸರಿಯಾಗಿ ಕೂತಿತು. "ಇದು ನಂದು ಖಾಲಾ. ಹದಿನೈದು ವರ್ಷ ಹೊತ್ತೇನಿ, ನನ್ನ ಸೊಂಟಕ್ಕ ಗೊತ್ತಿಲ್ಲೇನು?" ಎಂದು ನಕ್ಕಳು. ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ಕೊಡ ಎತ್ತಿ ಸೊಂಟಕ್ಕಿಟ್ಟು ಅತ್ತಿತ್ತ ನಡೆದರು. ಪ್ರತಿ ಕೊಡಕ್ಕೂ ತನ್ನ ಒಡತಿಯ ಸೊಂಟದ ತಗ್ಗು ಇತ್ತು. ಹಂಡೆಗಳನ್ನು ಯಾಕೂಬ ಬೋರಲು ಹಾಕಿ ತನ್ನ ತೇಪೆ, ತನ್ನ ಬೆಸುಗೆ ಗುರುತಿಸಿದ. ಜಗಳವೂ ಆಯಿತು, ಇಲ್ಲವೆಂದಲ್ಲ. ಗೌಡರ ಓಣಿಯ ಮುದುಕಿ, "ಈ ಪರಾತ ನಂದಲ್ಲ, ನಂದು ಸಣ್ಣದಿತ್ತು, ದೊಡ್ಡದು ನನಗ ಬ್ಯಾಡ" ಎಂದು ಹಟ ಹಿಡಿದು ಕುಳಿತಳು. ತಕ್ಕಡಿಯ ಮುಂದೆ ಎಳೆದಾಡಿದ್ದ ಪರಾತವದು. ಚಿಂದಿ ಸುಟ್ಟಿದ್ದ ಶಾಂತಾಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಸಂಜೆಗೆ ಅಂಗಳದಲ್ಲಿ ಉಳಿದದ್ದು ಅಂಜನಾಬಾಯಿಯ ಹಂಡೆಯೊಂದೇ. ಅಂಜನಾಬಾಯಿ ಬರಲಿಲ್ಲ. ಆ ವರ್ಷವಲ್ಲ, ಮುಂದಿನ ವರ್ಷವೂ ಅಲ್ಲ. ಮುಂಬೈಯಲ್ಲಿ ಅವಳನ್ನು ಕಂಡವರೂ ಇರಲಿಲ್ಲ.

ಬಾಲೂಷಾಹಿಯೂ ನಿಂತಿತು ಎಂದು ಬೇರೆ ಹೇಳಬೇಕಿಲ್ಲ. ಬಾಳೆಹಣ್ಣು ಮಾತ್ರ ಅಪರೂಪಕ್ಕೆ ಬರುತ್ತಿತ್ತು. ಆದರೆ ಒಂದು ಆಶ್ಚರ್ಯ, ಶಾಂತಾಬಾಯಿ ಎರಡು ಮೂರು ತಿಂಗಳಿಗೊಮ್ಮೆ ಒಬ್ಬಳೇ ಬಂದು ಹೋಗುತ್ತಿದ್ದಳು. ಬಂದಾಗ ಹೆಚ್ಚು ಮಾತಿಲ್ಲ, ಅತ್ತೆಯ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು.

ಒಂಬತ್ತು ವರ್ಷದ ಮೇಲೆ ಶೇವಂತಾಬಾಯಿ ತೀರಿಕೊಂಡಳು. ಮಾಸ್ತರರು ಹೊಸದಾಗಿ ಬರೆದಿದ್ದ ವಸೀಯತದ ಲಕೋಟೆ ಒಡೆದರು. ಬೀಸುವ ಕಲ್ಲು ದತ್ತಾತ್ರಿಗೆ. ಕತ್ತರಿ ಮತ್ತು ಸೆರಗಿನಲ್ಲಿ ಮುಚ್ಚುವಷ್ಟು ಸಣ್ಣ ತಂಬಿಗೆಯೊಂದು ಶಾಲುಬಾಯಿಗೆ. ಎರಡು ಕೌದಿ ಕಾಶೀರಾಮನಿಗೆ. ಕೊನೆಯ ಸಾಲು ಓದುವಾಗ ಮಾಸ್ತರರು ಕನ್ನಡಕ ಒರೆಸಿಕೊಂಡರು. "ಅಂಜನಾಬಾಯಿ ಹಂಡಿ ಹಿರಿ ಸೊಸಿ ಶಾಂತಾನ ಹತ್ರ ಇರಲಿ. ಬಳಸ್ಲಕ ಅಲ್ಲ, ಕಾಯ್ಲಕ." ಯಾರೂ ಜಗಳವಾಡಲಿಲ್ಲ. ಕಾಯುವ ಕೆಲಸಕ್ಕೆ ಪಾಲು ಕೇಳುವವರು ಯಾರು?

ಎಂಬತ್ತೈದರಲ್ಲಿ ದತ್ತಾತ್ರಿಯ ಮಗಳ ಮದುವೆ ಭಾಲ್ಕಿಯಲ್ಲಿ ಗೊತ್ತಾಯಿತು. ಕೌಸಲ್ಯಾಬಾಯಿ ಬೀದರಕ್ಕೆ ಬಂದವಳು ಮೂಲೆಯಲ್ಲಿ ಹೊಳೆಯುತ್ತಿದ್ದ ಹಂಡೆಯನ್ನು ನೋಡಿದಳು. ಅದರ ಹಿಡಿಕೆಗೆ ಒಂದು ಜರಿಯಂಚಿನ ಚಿಂದಿ ಕಟ್ಟಿತ್ತು. ಎಲ್ಲೋ ನೋಡಿದ ಅಂಚು ಅದು. ಶಾಂತಾಬಾಯಿಯ ಮದುವೆ ಸೀರೆಯದೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅಕ್ಕಾ, ಬೀಗರಿಗಿ ನೀರು ಕಾಸ್ಲಕ ಈ ಹಂಡಿ ನಾಲ್ಕು ದಿನ ಕೊಡ್ರಿ."

"ಕೊಡ್ಲಕ ಅದೇನ ನಂದಾ? ಅಂಜನಾಬಾಯಿನ ಕೇಳು."

"ಆಕಿ ಹೋಗಿ ಹದಿಮೂರು ವರ್ಷ ಆಯ್ತಲ್ರಿ!"

"ಹಂಗಾದ್ರ ಬರೋತನಕ ತಡಿ" ಎಂದು ಶಾಂತಾಬಾಯಿ ಚಿಂದಿಯ ಗಂಟನ್ನು ಇನ್ನೊಮ್ಮೆ ಬಿಗಿದಳು.